ಶಿಡ್ಲಘಟ್ಟದಲ್ಲಿ ಅರ್ಧ, ಚಿಂತಾಮಣಿಯಲ್ಲೂ ಅರ್ಧ!

ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಯಾವತ್ತಾದರೂ ಹೋಗಿದ್ದೀರಾ? ಇಲ್ಲದಿದ್ದರೂ ಪರವಾಗಿಲ್ಲ. ಒಂದೇ ಒಂದು ದ್ವಿತಳಿ ಗೂಡು ನಿಮ್ಮ ಅಂಗೈಯಲ್ಲಿದೆ ಅಂದುಕೊಳ್ಳಿ. ಬೆಳ್ಳಗೆ, ಹಗುರಾಗಿ, ಅಲುಗಿಸಿದರೆ ಒಳಗೆ ಟಕ್ ಟಕ್.

ಈಗ ಹೇಳಿ. ಆ ಬಿಳಿ ಬಣ್ಣ ಎಲ್ಲಿಂದ ಬಂತು?

ಹಿಪ್ಪುನೇರಳೆ ಸೊಪ್ಪು ಮುರಿದರೆ ಒಸರುವ ಹಾಲಿನಿಂದಲೇ? ಹುಳದ ಹೊಟ್ಟೆಯೊಳಗೆ ಸುಣ್ಣದಂಥದ್ದು ಏನಾದರೂ ಇದೆಯೇ? ಊಹಿಸಿ. ಅವಸರವಿಲ್ಲ.

ಸುಳಿವು ಬೇಕೆ? ಪಕ್ಕದ ಲಾಟಿನಲ್ಲಿರುವ ಮಿಶ್ರತಳಿ ಗೂಡು ನೋಡಿ. ಹಳದಿ! ಆ ಹಳದಿ ನಿಜವಾದ ಬಣ್ಣ. ಹುಳ ತಿಂದ ಸೊಪ್ಪಿನಿಂದಲೇ ಬಂದದ್ದು. ಎಳೆಯ ಮೇಲಿನ ಅಂಟಿನಲ್ಲಿ, ಅಂದರೆ ಸೆರಿಸಿನ್‌ನಲ್ಲಿ, ಅದರ ವಾಸ. ಸೋಪಿನ ನೀರಲ್ಲಿ ಕುದಿಸಿ. ಅಂಟು ಹೋಯಿತು, ಜೊತೆಗೆ ಹಳದಿಯೂ ಹೋಯಿತು. ಉಳಿದದ್ದು ಮತ್ತದೇ ಬಿಳಿ!

ಹಾಗಾದರೆ ಬಿಳಿಯನ್ನು ತೊಳೆದು ತೆಗೆಯುವುದು ಹೇಗೆ?

ತೊಳೆದರೆ ಹೋಗುವುದಿಲ್ಲ. ರೇಷ್ಮೆಯನ್ನೇ ಕರಗಿಸಬೇಕು! ಅಂಟು ತೆಗೆದ ಎಳೆಯನ್ನು ಲಿಥಿಯಂ ಬ್ರೋಮೈಡ್ ದ್ರಾವಣದಲ್ಲಿ ಬಿಸಿ ಮಾಡಿ ಕರಗಿಸುತ್ತಾರೆ. ಉಪ್ಪನ್ನು ಬೇರ್ಪಡಿಸುತ್ತಾರೆ. ಉಳಿದ ದ್ರವವನ್ನು ತಟ್ಟೆಯಲ್ಲಿ ತೆಳ್ಳಗೆ ಹರಡಿ ಒಣಗಲು ಬಿಡುತ್ತಾರೆ. ಒಣಗಿದ ಮೇಲೆ ಏನು ಸಿಗುತ್ತದೆ ಗೊತ್ತೆ?

ಪಾರದರ್ಶಕ ಹಾಳೆ! ಆಚೆ ಇಟ್ಟ ಪತ್ರಿಕೆಯ ಅಕ್ಷರ ಓದಬಹುದು. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಫಿಯೊರೆಂಜೊ ಒಮೆನೆಟ್ಟೊ ಮತ್ತು ಡೇವಿಡ್ ಕಪ್ಲಾನ್ ಇದರಿಂದ ಮಸೂರಗಳನ್ನೇ ಮಾಡಿ ತೋರಿಸಿದ್ದಾರೆ. ಮಸೂರ! ಹುಳದ ನೂಲಿನಿಂದ!

ಗಮನಿಸಿ. ಆ ಎಳೆಯಿಂದ ಯಾರೂ ಬಿಳಿ ಪುಡಿ ಬಸಿದು ತೆಗೆಯಲಿಲ್ಲ. ಅಲ್ಲಿ ಬಿಳಿ ಅನ್ನುವ ವಸ್ತುವೇ ಇರಲಿಲ್ಲ. ಇದ್ದದ್ದು ಬರೀ ಜೋಡಣೆ. ಜೋಡಣೆ ಕೆಡಿಸಿದರು, ಬಿಳಿ ಮಾಯ!

ನೀವು ಗೂಡಿನ ಮೇಲೆ ಕಾಣುತ್ತಿದ್ದದ್ದು ಬಣ್ಣವಲ್ಲ. ಒಳಗೆ ಸಿಕ್ಕಿಬಿದ್ದು, ಅಲೆದಾಡಿ, ಕೊನೆಗೆ ನಿಮ್ಮ ಕಡೆಗೇ ತಿರುಗಿ ಬಂದ ಬೆಳಕು.

ಹೇಗೆ ಸಿಕ್ಕಿಬೀಳುತ್ತದೆ? ಬೆಳಕು ಗಾಳಿಯಿಂದ ರೇಷ್ಮೆಗೆ ನೇರವಾಗಿ ಹೊಕ್ಕಾಗ ಸುಮಾರು ನೂರಕ್ಕೆ ನಾಲ್ಕೂವರೆ ಪಾಲು ಹಿಂದಕ್ಕೆ ಪುಟಿಯುತ್ತದೆ. ರೇಷ್ಮೆಯಿಂದ ಗಾಳಿಗೆ ಹೊರಟಾಗ ಮತ್ತಷ್ಟು. ಕಡಿಮೆ ಅನಿಸಿತೇ? ಇನ್ನೊಮ್ಮೆ ಯೋಚಿಸಿ. ಒಂದು ಒಳ್ಳೆಯ ಗೂಡೆಂದರೆ ಸುಮಾರು ಸಾವಿರ ಮೀಟರಿನ ಒಂದೇ ಎಳೆ! ಹಣ್ಣಾದ ಹುಳು ಗೂಡು ಕಟ್ಟುವ ಚಂದ್ರಿಕೆ ಹತ್ತಿ, ಮೂರು ದಿನ ತಲೆ ಆಡಿಸುತ್ತಾ ಎಂಟರ ಆಕಾರದಲ್ಲಿ ಹೆಣೆದದ್ದು. ಒಂದು ಗೀಟಿನ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಮೇಲ್ಮೈಗಳ ಲೆಕ್ಕ ಹಿಡಿಯುವವರು ಯಾರು!

ಎಳೆಯ ಒಳಗೂ ಕಥೆ ಮುಗಿಯುವುದಿಲ್ಲ. ಹತ್ತಾರು ಮೈಕ್ರಾನ್ ದಪ್ಪದ ಒಂದು ಎಳೆಯೊಳಗೆ ಇನ್ನೂ ಸಣ್ಣ ತಂತುಗಳು. ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟು ಸಣ್ಣವು! ಅವೂ ಅಡ್ಡಾದಿಡ್ಡಿ. 2018ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಯಂಗ್ ಕಿಮ್ ಅವರ ತಂಡ, ದಕ್ಷಿಣ ಕೊರಿಯಾದ ವಿಜ್ಞಾನಿಗಳ ಜೊತೆ ಸೇರಿ, ಇದೇ ರೇಷ್ಮೆಯ ಎಳೆಗೆ ಬೆಳಕು ಬಿಟ್ಟು ನೋಡಿತು. ಎಲ್ಲ ಕಡೆಯೂ ಸಮನಾಗಿ ಹರಡಬೇಕಿದ್ದ ಬೆಳಕು ಕೆಲವು ಜಾಗಗಳಲ್ಲಿ ಕಟ್ಟಿಹಾಕಿಸಿಕೊಂಡು ನಿಂತಿತ್ತು!

ಇದಕ್ಕೊಂದು ಹೆಸರಿದೆ. ಆಂಡರ್ಸನ್ ಬಂಧನ ಅನ್ನೋಣ. ಫಿಲಿಪ್ ಆಂಡರ್ಸನ್ 1958ರಲ್ಲೇ ಹೇಳಿದ್ದರು: ದಾರಿ ಸಾಕಷ್ಟು ಅಸ್ತವ್ಯಸ್ತವಾಗಿದ್ದರೆ ಅಲೆ ಮುಂದೆ ಹೋಗುವುದೇ ಇಲ್ಲ, ಅಲ್ಲೇ ಸಿಕ್ಕಿಕೊಳ್ಳುತ್ತದೆ. 1977ರಲ್ಲಿ ನೊಬೆಲ್ ಬಂತು. ಅವರು ಹೇಳಿದ್ದು ಎಲೆಕ್ಟ್ರಾನುಗಳ ಬಗ್ಗೆ. ರೇಷ್ಮೆ ಹುಳಕ್ಕೆ ಆ ಪ್ರಬಂಧ ಓದುವ ಅಗತ್ಯವಿರಲಿಲ್ಲ ಬಿಡಿ.

ಇದಕ್ಕಿಂತ ಮಜಾ ಇನ್ನೊಂದಿದೆ. ಮಡಗಾಸ್ಕರ್‌ನಲ್ಲಿ ಧೂಮಕೇತು ಅನ್ನುವ ದೊಡ್ಡ ಪತಂಗವಿದೆ. ನಮ್ಮ ಪಶ್ಚಿಮ ಘಟ್ಟದ ಚಂದ್ರ ಪತಂಗದ ಕುಟುಂಬದ್ದೇ. ಅದರ ಗೂಡು ಬೆಳ್ಳಿಯ ಹೊಳಪಿನದು. ಕೊಲಂಬಿಯಾ ವಿಶ್ವವಿದ್ಯಾಲಯದ ನಾನ್‌ಫಾಂಗ್ ಯು ಮತ್ತು ಸಂಗಡಿಗರು ಅದರ ಎಳೆಯನ್ನು ಕತ್ತರಿಸಿ ಸೂಕ್ಷ್ಮದರ್ಶಕದಡಿ ಇಟ್ಟರು.

ಒಳಗೆ ಏನಿತ್ತು? ಊಹಿಸಿ!

ಟೊಳ್ಳು! ಎಳೆಯ ಉದ್ದಕ್ಕೂ ಹರಿಯುವ ಲೆಕ್ಕವಿಲ್ಲದಷ್ಟು ಗಾಳಿಯ ಸಂದುಗಳು! ಬರೀ 50 ಮೈಕ್ರಾನ್ ದಪ್ಪದ ಒಂದೇ ಎಳೆ, ತನ್ನ ಮೇಲೆ ಬಿದ್ದ ಬಿಸಿಲಿನ ಹೆಚ್ಚೂಕಡಿಮೆ ಮೂರರಲ್ಲಿ ಎರಡು ಪಾಲನ್ನು ಹಿಂದಕ್ಕೆ ಎಸೆಯುತ್ತದೆ. ಒಂದೇ ಎಳೆ!

ಅಡ್ಡಲಾಗಿ ಬಂದ ಬೆಳಕಿಗೆ ದಾರಿಯಿಲ್ಲ. ಉದ್ದಕ್ಕೆ? ಅಲ್ಲಿ ಸಂದುಗಳು ಅಡ್ಡ ಬರುವುದೇ ಇಲ್ಲ, ಜೊತೆಗೇ ಸಾಗುತ್ತವೆ. ಹಾಗಾಗಿ ಎಳೆಯ ಒಂದು ತುದಿಯಲ್ಲಿ ಬೆಳಕು ಬಿಟ್ಟರೆ ಅದು ಪಕ್ಕಕ್ಕೆ ಸೋರದೆ ಉದ್ದಕ್ಕೆ ನಡೆಯಿತು. ಹುಳು ತನ್ನನ್ನು ಬಿಸಿಲಿನಿಂದ ಕಾಯ್ದುಕೊಳ್ಳಲು ನೇಯ್ದ ನೂಲು ಬೆಳಕಿನ ತಂತಿಯೂ ಆಗಿಬಿಟ್ಟಿತು! ಅದೇ ತಂಡ ಕರಗಿಸಿದ ರೇಷ್ಮೆಯಿಂದ ಇಂಥ ಸಂದುಗಳಿರುವ ಎಳೆಯನ್ನು ತಾನೇ ನೂತೂ ತೋರಿಸಿತು.

ಇಲ್ಲಿಗೆ ಅಸ್ತವ್ಯಸ್ತದ ಕಥೆ ಸಾಕು. ಈಗ ತಿರುವು. ಗೊಂದಲವೇ ಇಷ್ಟು ಚೆನ್ನಾಗಿ ಬೆಳಕನ್ನು ಹಿಡಿಯುವುದಾದರೆ, ಪದರಗಳನ್ನು ನೀಟಾಗಿ, ಅಳತೆ ಮಾಡಿ ಜೋಡಿಸಿದರೆ ಏನಾದೀತು?

ಈ ಪ್ರಶ್ನೆಯ ಹತ್ತಿರಕ್ಕೆ ಬಂದು ಕೂತವರಲ್ಲಿ ಒಬ್ಬರು ಬೆಂಗಳೂರಿನಲ್ಲೇ ಇದ್ದರು. ಯಾರು?

ಸಿ.ವಿ. ರಾಮನ್! ನೊಬೆಲ್ ಬಂದು ಮೂರು ವರ್ಷಕ್ಕೆ, 1933ರಲ್ಲಿ, ಅವರು ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಮರುವರ್ಷ ವಿಜ್ಞಾನ ಅಕಾಡೆಮಿ ಕಟ್ಟಿದರು. ಆ ಅಕಾಡೆಮಿಯ ಪತ್ರಿಕೆಯ ಮೊದಲ ಸಂಪುಟದಲ್ಲೇ ಅವರು ಬರೆದ ವಿಷಯ ಯಾವುದು ಗೊತ್ತೆ? ಸಮುದ್ರದ ಚಿಪ್ಪು! ಮುತ್ತಿನ ಚಿಪ್ಪಿನ ಒಳಮೈ ಯಾಕೆ ಹಸಿರು, ಗುಲಾಬಿ, ನೀಲಿಯಾಗಿ ಮಿನುಗುತ್ತದೆ? ಅಲ್ಲೂ ಬಣ್ಣವಿಲ್ಲ. ಇರುವುದು ಸುಣ್ಣದ ತೆಳುವಾದ ಪದರಗಳು, ಒಂದರ ಮೇಲೊಂದು, ಸಾಲಾಗಿ. ಒಂದೊಂದು ಪದರವೂ ಚೂರೇ ಚೂರು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಪದರದ ದಪ್ಪ ಸರಿಯಾಗಿದ್ದರೆ ಆ ಚೂರುಗಳ ಏರಿಳಿತ ತಾಳಕ್ಕೆ ತಾಳ ಕೂಡುತ್ತದೆ. ದುರ್ಬಲವಾದ ನೂರು ಪ್ರತಿಫಲನಗಳು ಸೇರಿ ಒಂದು ಬಲಿಷ್ಠ ಪ್ರತಿಫಲನ!

ನಂಬಿಕೆ ಬರಲಿಲ್ಲವೇ? ಗೌರಿಬಿದನೂರಿಗೆ ಬನ್ನಿ.

ಊರಾಚೆಯ ಬಯಲಿನಲ್ಲಿ 1976ರಿಂದ ಒಂದು ರೇಡಿಯೋ ವೀಕ್ಷಣಾಲಯವಿದೆ. ಕಟ್ಟಿದವರು ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಮತ್ತು, ಹೌದು, ರಾಮನ್ ಸ್ಥಾಪಿಸಿದ ಸಂಶೋಧನಾ ಸಂಸ್ಥೆ! ಅಲ್ಲಿ ಎದ್ದದ್ದು ಬಟ್ಟಲಿನ ಆಕಾರದ ದೊಡ್ಡ ಆಂಟೆನಾ ಅಲ್ಲ. ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಸಾಲು ನಿಲ್ಲಿಸಿದ ಪುಟ್ಟ ಪುಟ್ಟ ದ್ವಿಧ್ರುವ ಆಂಟೆನಾಗಳು. ಎಷ್ಟು? ಪೂರ್ವ–ಪಶ್ಚಿಮ ತೋಳಿನಲ್ಲಿ 640. ದಕ್ಷಿಣದ ತೋಳಿನಲ್ಲಿ 360. ಒಟ್ಟು ಸಾವಿರ!

ಒಂದು ಆಂಟೆನಾಗೆ ಸಿಗುವ ಆಕಾಶದ ಸದ್ದು ಏನೇನೂ ಸಾಲದು. ಆದರೆ ಎಲ್ಲದರ ಸಂಕೇತವನ್ನೂ ಕೇಬಲ್ ಮೂಲಕ ತಂದು, ತಡವನ್ನು ಸರಿಹೊಂದಿಸಿ, ಏರಿಗೆ ಏರು ಇಳಿತಕ್ಕೆ ಇಳಿತ ಕೂಡಿಸಿದರೆ? ದೂರದ ನಕ್ಷತ್ರಲೋಕದ ಪಿಸುಮಾತೂ ಕೇಳಿಸುತ್ತದೆ. ಚಿಪ್ಪಿನ ಪದರಗಳು ಮಾಡುವುದೂ ಇದೇ ಕೆಲಸ. ಎರಡಕ್ಕೂ ಒಂದೇ ಗಣಿತ!

ವ್ಯತ್ಯಾಸ ಅಳತೆಯಲ್ಲಿ ಮಾತ್ರ. ಆ ಸಾವಿರ ಆಂಟೆನಾಗಳು ಕೇಳಿದ್ದು 34.5 ಮೆಗಾಹರ್ಟ್ಸ್ ಅಲೆಯನ್ನು, ಅದರ ಉದ್ದ 8.7 ಮೀಟರ್. ಅದಕ್ಕೆ ಪದರಗಳ ಕನ್ನಡಿ ಮಾಡಲು ಹೊರಟರೆ, ಪದರದ ದಪ್ಪ ಅಲೆಯ ಕಾಲು ಪಾಲು ಇರಬೇಕು. ಗಾಳಿಯ ಪದರವಾದರೆ ಒಂದೊಂದೂ ಎರಡು ಮೀಟರಿಗಿಂತ ದಪ್ಪ, ಅಂದರೆ ಆಳೆತ್ತರ ಮೀರಿದ್ದು! ಕಣ್ಣಿಗೆ ಕಾಣುವ ಬೆಳಕಿಗೆ ಅದೇ ಪದರ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲು.

ಸರಿ, ಪದರಗಳ ಕನ್ನಡಿ ಸಿಕ್ಕಿತು. ಅದರಿಂದ ಒಂದು ಟೊಳ್ಳು ಕೊಳವೆ ಮಾಡಿ, ಒಳಗೆ ಬೆಳಕನ್ನು ಓಡಿಸಿದರೆ?

ಮಾಮೂಲಿ ಕನ್ನಡಿ ಸಾಲದೇ, ಪದರ ಯಾಕೆ ಅಂತ ಕೇಳುತ್ತೀರಾ? ಕೇಳಲೇಬೇಕಾದ ಪ್ರಶ್ನೆ! ಲೋಹದ ಕನ್ನಡಿ ಪ್ರತಿ ಸಲ ಒಂದಿಷ್ಟು ಬೆಳಕನ್ನು ನುಂಗುತ್ತದೆ. ನೂರಕ್ಕೆ ಒಂದೇ ಪಾಲು ಅನ್ನೋಣ. ಒಂದು ಸಲ ಪುಟಿದಾಗ 99 ಉಳಿಯಿತು, ಚಿಂತೆಯಿಲ್ಲ. ನೂರು ಸಲ ಪುಟಿದರೆ? 37 ಮಾತ್ರ. ಸಾವಿರ ಸಲ ಪುಟಿದರೆ?

ಹೊರಟ ಬೆಳಕಿನ ಇಪ್ಪತ್ತಮೂರು ಸಾವಿರದಲ್ಲೊಂದು ಪಾಲು! ಅದು ಬೆಳಕಲ್ಲ, ಬೆಳಕಿನ ನೆನಪು.

ನುಂಗದ ಪದಾರ್ಥಗಳ ಪದರಗಳಿಂದ ಇಂಥ ಕೊಳವೆ ಸಾಧ್ಯ ಅಂತ ಪೋಚಿ ಯೆ, ಅಮ್ನೋನ್ ಯಾರಿವ್, ಇಮಾನ್ಯುಯಲ್ ಮಾರೋಂ 1978ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಲೆಕ್ಕ ಕಾಗದದ ಮೇಲೇ ಉಳಿಯಿತು. ಯಾಕೆ? ಒಂದು ತೊಡಕು ಚಿಪ್ಪಿನಲ್ಲೇ ಕಾಣುತ್ತದೆ. ಚಿಪ್ಪನ್ನು ಸ್ವಲ್ಪ ಓರೆ ಮಾಡಿ. ಹಸಿರಿದ್ದದ್ದು ನೀಲಿಯಾಯಿತು! ನೋಡಲು ಚಂದ. ಆದರೆ ಕೊಳವೆಗೆ ಇದೇ ಶಾಪ. ಕೋನ ಬದಲಾದರೆ ಕನ್ನಡಿ ಕೆಲಸ ಮಾಡುವ ಬಣ್ಣವೂ ಬದಲು. ಒಂದು ಕೋನಕ್ಕೆ ಭದ್ರವಾದ ಗೋಡೆ ಇನ್ನೊಂದು ಕೋನಕ್ಕೆ ತೆರೆದ ಬಾಗಿಲು.

ಎಲ್ಲ ಕೋನಕ್ಕೂ ಒಪ್ಪುವ ಪದರಗಳ ಕನ್ನಡಿ? ಆಗದ ಮಾತು ಅಂತ ಬಹಳ ಮಂದಿ ನಂಬಿದ್ದರು.

1998. ಎಂಐಟಿಯಲ್ಲಿ ಯೊಯೆಲ್ ಫಿಂಕ್ ಅನ್ನುವ ಸಂಶೋಧನಾ ವಿದ್ಯಾರ್ಥಿ. ಕೈಯಲ್ಲಿ ಎರಡು ಪದಾರ್ಥ. ಒಂದು ಪಾಲಿಸ್ಟೈರೀನ್. ಪ್ಯಾಕಿಂಗಿನ ಥರ್ಮೊಕೋಲ್ ಇದೆಯಲ್ಲ, ಅದರ ಮೂಲವಸ್ತು! ಇನ್ನೊಂದು ಟೆಲ್ಲುರಿಯಂ. ಬೆಳಕನ್ನು ಬಗ್ಗಿಸುವುದರಲ್ಲಿ ಎರಡಕ್ಕೂ ಅಜಗಜಾಂತರ. ಗುಟ್ಟು ಇರುವುದೇ ಆ ಅಂತರದಲ್ಲಿ. ಎಷ್ಟು ಪದರ ಬೇಕಾದವು? ಸಾವಿರ? ನೂರು?

ಒಂಬತ್ತು! ಬರೀ ಒಂಬತ್ತು!

ಕಣ್ಣಿಗೆ ಕಾಣದ ಶಾಖದ ಬೆಳಕು, 10ರಿಂದ 15 ಮೈಕ್ರಾನ್ ಅಲೆಯುದ್ದದ್ದು, ಯಾವ ಕೋನದಿಂದ ಬಂದರೂ ವಾಪಸ್! ನೇರ ಬಂದರೂ ವಾಪಸ್, ಓರೆ ಬಂದರೂ ವಾಪಸ್! ಲೋಹದ ಸುಳಿವೂ ಇಲ್ಲದ ಪರಿಪೂರ್ಣ ಕನ್ನಡಿ!

ಮುಂದಿನ ಹೆಜ್ಜೆ ಕೇಳಿದರೆ ನಗು ಬರಬಹುದು. ಆ ಕನ್ನಡಿಯನ್ನು ಚಾಪೆ ಸುತ್ತಿದ ಹಾಗೆ ಸುತ್ತಿಬಿಟ್ಟರು! ನಿಜ. 2002ರಲ್ಲಿ ಫಿಂಕ್ ಮತ್ತು ಸಂಗಡಿಗರು ಪಾಲಿಈಥರ್‌ಸಲ್ಫೋನ್ ಅನ್ನುವ ಪ್ಲಾಸ್ಟಿಕ್ ಹಾಳೆಗೆ ಆರ್ಸೆನಿಕ್ ಟ್ರೈಸೆಲೆನೈಡ್ ಗಾಜಿನ ತೆಳು ಲೇಪ ಕೊಟ್ಟರು. ಸುತ್ತಿದರು. ಬಿಸಿ ಮಾಡಿ ಬೆಸೆದರು. ಮತ್ತೆ ಕಾಯಿಸಿ, ಮೆತ್ತಗಾದ ಉರುಳೆಯನ್ನು ಎಳೆದರು. ಎಳೆದರು, ಎಳೆದರು! ದಪ್ಪ ಉರುಳೆ ಕೂದಲಿನ ಕಡೆಗೆ ಸಣ್ಣಗಾಗುತ್ತಾ ಹೋಯಿತು. ನಡುವಿನ ಟೊಳ್ಳು ಹಾಗೇ ಉಳಿಯಿತು. ಪದರಗಳೂ ಅದೇ ಅನುಪಾತದಲ್ಲಿ ತೆಳುವಾದವು. ಎಷ್ಟು ಎಳೆಯುತ್ತೀರೋ ಅದರ ಮೇಲೆ ಕನ್ನಡಿ ಯಾವ ಅಲೆಗೆ ಅನ್ನುವುದು ನಿರ್ಧಾರ! ನನ್ನನ್ನು ಕೇಳಿದರೆ ಇಡೀ ಕಥೆಯಲ್ಲಿ ಅತ್ಯಂತ ಜಾಣ ಕೆಲಸ ಇದೇ.

ಅದರೊಳಗೆ ಹಾಯಿಸಿದ್ದು ಕಾರ್ಬನ್ ಡೈಆಕ್ಸೈಡ್ ಲೇಸರ್. 1964ರಲ್ಲಿ ಅದನ್ನು ಕಂಡುಹಿಡಿದವರು ಸಿ. ಕುಮಾರ್ ಪಟೇಲ್, ಹುಟ್ಟಿದ್ದು ನಮ್ಮ ನೆರೆಯ ಮಹಾರಾಷ್ಟ್ರದ ಬಾರಾಮತಿಯಲ್ಲಿ. ಶಸ್ತ್ರಚಿಕಿತ್ಸಕರಿಗೆ ಇದು ಅಚ್ಚುಮೆಚ್ಚು. ಅದರ 10.6 ಮೈಕ್ರಾನ್ ಕಿರಣವನ್ನು ನೀರು ಗಟಗಟ ಹೀರುತ್ತದೆ. ನಮ್ಮ ಮೈಯ ಮಾಂಸವೋ ಬಹುಪಾಲು ನೀರೇ. ಹಾಗಾಗಿ ಕತ್ತರಿಸಿದ್ದು ಆಳಕ್ಕೆ ಇಳಿಯುವುದಿಲ್ಲ.

ತೊಂದರೆ ಏನು? ಮಾಮೂಲಿ ಗಾಜಿನ ಫೈಬರ್ ಈ ಕಿರಣವನ್ನು ನುಂಗಿಹಾಕುತ್ತದೆ! ಹಾಗಾಗಿ ಕೀಲುಕೀಲಿಗೂ ಕನ್ನಡಿ ಇಟ್ಟ ದಪ್ಪ ತೋಳಿನಲ್ಲಿ ಅದನ್ನು ಒಯ್ಯಬೇಕಿತ್ತು. ಗಂಟಲೊಳಗೆ ಆ ತೋಳು ತೂರುವುದು ಹೇಗೆ?

ಟೊಳ್ಳು ಫೈಬರ್ ತೂರಿತು! ಬಾಗಿತು, ಬಳುಕಿತು, ಕಿರಣವನ್ನು ಬಿಡಲಿಲ್ಲ. ಇನ್ನೊಂದು ವಿಚಿತ್ರ ಕೇಳಿ. ಆ ಗೋಡೆಯ ಪ್ಲಾಸ್ಟಿಕ್ ಈ ಕಿರಣವನ್ನು ಭಯಂಕರವಾಗಿ ಹೀರುವ ಪದಾರ್ಥ! ಕಿರಣ ನೇರವಾಗಿ ಬಿದ್ದರೆ ಕರಗಿಹೋಗಬೇಕು. ಆದರೆ ಕಿರಣ ಗೋಡೆಯೊಳಗೆ ಹೊಕ್ಕರೆ ತಾನೇ? ಹೊಸ್ತಿಲಲ್ಲೇ ತಿರುಗಿ ಟೊಳ್ಳಿಗೇ ಓಡುತ್ತದೆ. ಒಂದು ಮೀಟರಿಗೆ ಆಗುವ ನಷ್ಟ ಒಂದು ಡೆಸಿಬೆಲ್‌ಗಿಂತ ಕಡಿಮೆ. ಸುಮಾರು ಐದರಲ್ಲಿ ಒಂದು ಪಾಲು ಅನ್ನಿ. ಓಮ್ನಿಗೈಡ್ ಅನ್ನುವ ಕಂಪನಿ ಇದನ್ನು ಆಪರೇಷನ್ ಥಿಯೇಟರಿಗೇ ತಂದಿತು.

ಐದರಲ್ಲಿ ಒಂದು! ಮೂರು ಮೀಟರಿಗೆ ಅರ್ಧ ಖಾಲಿ. ಆಪರೇಷನ್ ಟೇಬಲ್ಲಿಗೆ ಸಾಕು. ಊರಿಂದೂರಿಗೆ?

ಬನ್ನಿ, ಈಗ ಒಂದು ಪಂದ್ಯ ಕಟ್ಟೋಣ.

ಚಿಕ್ಕಬಳ್ಳಾಪುರದಲ್ಲಿ ನಿಂತು ಪೂರ್ವಕ್ಕೆ ಒಂದು ಫೈಬರ್ ಎಳೆಯಿರಿ. ಟೆಲಿಫೋನು, ಇಂಟರ್‌ನೆಟ್ಟಿಗೆ ಬಳಸುವ ಮಾಮೂಲಿ ಗಟ್ಟಿ ಗಾಜಿನದು. ಕಿಲೋಮೀಟರಿಗೆ ನಷ್ಟ ಸುಮಾರು 0.2 ಡೆಸಿಬೆಲ್. ಹೊರಟ ಬೆಳಕಿನಲ್ಲಿ ಅರ್ಧ ಮುಗಿಯುವುದು ಎಲ್ಲಿ? ಹದಿನೈದು ಕಿಲೋಮೀಟರಿನಲ್ಲಿ. ಹಕ್ಕಿ ಹಾರುವ ದಾರಿಯಲ್ಲಿ ಅಳೆದರೆ ಹೆಚ್ಚೂಕಡಿಮೆ ಶಿಡ್ಲಘಟ್ಟ!

ಕಚ್ಚಾ ಗಾಜಿನ ಕೊಳೆಯನ್ನೆಲ್ಲ ತೆಗೆದದ್ದಾಯಿತು. 1980ರ ದಶಕದಿಂದ ಈಚೆಗೆ ಈ ಲೆಕ್ಕ ಕೂದಲೆಳೆಯಷ್ಟೇ ಸುಧಾರಿಸಿದೆ. ಉಳಿದ ನಷ್ಟ ಗಾಜಿನ ಹುಟ್ಟುಗುಣ, ಅಣುಗಳೇ ಬೆಳಕನ್ನು ಚೆದರಿಸುತ್ತವೆ. ಗಾಜು ಇರುವವರೆಗೂ ಇದು ತಪ್ಪುವುದಿಲ್ಲ.

ಹಾಗಾದರೆ ಗಾಜನ್ನೇ ತೆಗೆದುಹಾಕಿ!

ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಫ್ರಾನ್ಸೆಸ್ಕೊ ಪೊಲೆಟ್ಟಿ ಅವರ ಬಳಗ ಮಾಡಿದ್ದು ಅದನ್ನೇ. ನಡುವೆ ಬರೀ ಟೊಳ್ಳು. ಸುತ್ತ ಅತಿ ತೆಳು ಗೋಡೆಯ ಗಾಜಿನ ಕೊಳವೆಗಳು. ಕೊಳವೆಯೊಳಗೆ ಕೊಳವೆ, ಅದರೊಳಗೆ ಇನ್ನೊಂದು! ಫಿಂಕ್ ಅವರ ಪದರಗಳ ರಾಶಿ ಇಲ್ಲಿಲ್ಲ. ಆದರೆ ಒಂದರ ಹಿಂದೊಂದು ತೆಳು ಗೋಡೆ, ಪ್ರತಿಯೊಂದರ ದಪ್ಪವೂ ಅಲೆಗೆ ಅಳೆದು ಕೊಟ್ಟದ್ದು, ಅನ್ನುವ ಉಪಾಯ ಅದೇ ಗೋತ್ರದ್ದು. ಇದರ ವ್ಯಾಪಾರಕ್ಕೆಂದು ಅಲ್ಲಿ ಹುಟ್ಟಿದ ಲುಮೆನಿಸಿಟಿ ಕಂಪನಿಯನ್ನು 2022ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡಿತು.

2025ರಲ್ಲಿ ಫಲಿತಾಂಶ ಬಂತು. ಕಿಲೋಮೀಟರಿಗೆ 0.091 ಡೆಸಿಬೆಲ್! ಗಾಳಿ ತುಂಬಿದ ಟೊಳ್ಳು, ಗಟ್ಟಿ ಗಾಜನ್ನು ಸೋಲಿಸಿತು!

ಈಗ ನಮ್ಮ ಪಂದ್ಯಕ್ಕೆ ಬನ್ನಿ. ಚಿಕ್ಕಬಳ್ಳಾಪುರದಿಂದ ಹೊರಟ ಬೆಳಕು ಶಿಡ್ಲಘಟ್ಟ ದಾಟಿತು. ಇಪ್ಪತ್ತು ಕಿಲೋಮೀಟರ್ ಆಯಿತು. ಇಪ್ಪತ್ತೈದು. ಮೂವತ್ತು! ಅರ್ಧ ಮುಗಿಯುವುದು ಎಲ್ಲಿ? ಮೂವತ್ತಮೂರನೇ ಕಿಲೋಮೀಟರಿನಲ್ಲಿ. ಅಷ್ಟೊತ್ತಿಗೆ ಎದುರಿಗೆ ಚಿಂತಾಮಣಿ! ಒಂದು ಊರು ಆಚೆಗೆ ಹೋಯಿತು ನೋಡಿ, ಅದೂ ನಡುವೆ ಒಂದು ದೀಪ ಹೆಚ್ಚಿಗೆ ಹಚ್ಚದೆ!

ಇನ್ನೂ ಒಂದನ್ನು ಬಚ್ಚಿಟ್ಟಿದ್ದೆ. ವೇಗ.

ಬೆಳಕಿನ ವೇಗ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಅಂತ ಶಾಲೆಯಲ್ಲಿ ಕಲಿತೆವಲ್ಲ? ಗಾಜಿನೊಳಗೆ ಅದು ಸುಳ್ಳು. ಅಲ್ಲಿ ಸುಮಾರು ಎರಡು ಲಕ್ಷ ಮಾತ್ರ. ನಿಮ್ಮ ಫೋನಿನ ಪ್ರತಿ ಮಾತೂ ಬೆಳಕಿನ ಮೂರನೇ ಎರಡು ವೇಗದಲ್ಲಿ ತೆವಳುತ್ತಾ ಬರುತ್ತಿದೆ! ಟೊಳ್ಳಿನಲ್ಲಿ ಅದಕ್ಕೆ ತಡೆಯೇ ಇಲ್ಲ. ಹತ್ತಿರ ಹತ್ತಿರ ಒಂದೂವರೆ ಪಟ್ಟು ಜೋರು. ಚಿಕ್ಕಬಳ್ಳಾಪುರದಿಂದ ಚಿಂತಾಮಣಿಗೆ ಗಾಜಿನ ಎಳೆಯಲ್ಲಿ ಸುಮಾರು 170 ಮೈಕ್ರೋಸೆಕೆಂಡ್. ಟೊಳ್ಳಿನ ಎಳೆಯಲ್ಲಿ 117.

ಉಳಿದದ್ದು ಐವತ್ತು ಚಿಲ್ಲರೆ ಮೈಕ್ರೋಸೆಕೆಂಡ್. ಸೆಕೆಂಡಿನ ಹತ್ತು ಲಕ್ಷದಲ್ಲಿ ಐವತ್ತು ಪಾಲು! ಇಷ್ಟು ಪುಟ್ಟ ಉಳಿತಾಯಕ್ಕೆ ಯಾರು ದುಡ್ಡು ಕೊಡುತ್ತಾರೆ ಅಂತೀರಾ?

ಷೇರುಪೇಟೆಯ ವ್ಯಾಪಾರಿಗಳು! ಪಕ್ಕದವನಿಗಿಂತ ಕಣ್ಣೆವೆಯ ಸಾವಿರದಲ್ಲೊಂದು ಪಾಲು ಮುಂಚೆ ಬೆಲೆ ತಿಳಿದರೆ ಅವರಿಗೆ ಲಾಭ. ಟೊಳ್ಳು ಫೈಬರ್ ಬೇಕೆಂದು ಮೊದಮೊದಲು ಮುಂದೆ ಬಂದವರಲ್ಲಿ ಅವರೂ ಇದ್ದರು. ಈಗ ಅವರ ಹಿಂದೆಯೇ ಕಂಪ್ಯೂಟರುಗಳ ದೊಡ್ಡ ದೊಡ್ಡ ಡೇಟಾ ಸೆಂಟರುಗಳು ಸಾಲು ನಿಂತಿವೆ. ಅವುಗಳಿಗೆ ಬೇಕಾದದ್ದು ಆತುರವಲ್ಲ, ಜಾಗ. ಬೆಳಕು ಒಂದೂವರೆ ಪಟ್ಟು ಜೋರಾಗಿ ಓಡಿದರೆ, ಒಂದಕ್ಕೊಂದು ತಡವಿಲ್ಲದೆ ಮಾತಾಡಬೇಕಾದ ಎರಡು ಕಟ್ಟಡಗಳನ್ನು ಒಂದೂವರೆ ಪಟ್ಟು ದೂರದಲ್ಲಿ ಕಟ್ಟಬಹುದು. ನಗರದ ಚದರಡಿ ರೇಟು ಕೇಳಿದವರಿಗೆ ಆ ದೂರದ ಬೆಲೆ ಬಿಡಿಸಿ ಹೇಳಬೇಕೆ!